ಕರವಸ್ತ್ರ ಎತ್ತಿಕೊಟ್ಟವಳು

ಮಂಗಳವಾರ ರಾತ್ರಿಯಿಂದ ಅತ್ತಿಗೆಯ ಒಂದೇ ಮಾತು ಕಿವಿಯಲ್ಲಿ ಕೂತುಬಿಟ್ಟಿದೆ. "ನನ್ನ ತಮ್ಮನಾ?"

ಫೋನ್ ಬಂದಾಗ ಅವಳು ಚಪಾತಿ ಲಟ್ಟಿಸುತ್ತಿದ್ದಳು. ಕೈಯೆಲ್ಲ ಹಿಟ್ಟು, ಹಾಗಾಗಿ ಅಣ್ಣನೇ ಎತ್ತಿದ. ಚೀಟಿ ನಡೆಸುತ್ತಿದ್ದ ಹುಡುಗ ಮನೆಗೆ ಬೀಗ ಹಾಕಿ ಹೋಗಿದ್ದಾನಂತೆ. "ನನ್ನ ತಮ್ಮನಾ?" ಅಂದಳು. ಅಣ್ಣ ಹೂಂ ಅಂದ. ಲಟ್ಟಣಿಗೆ ಹಿಡಿದುಕೊಂಡೇ ಮತ್ತೆ, "ನನ್ನ ತಮ್ಮನಾ?" ಮೂರನೇ ಸಲಕ್ಕೆ ಅಣ್ಣ ರೇಗಿದ. "ಎಷ್ಟು ಸಲ ಅದನ್ನೇ ಕೇಳ್ತೀಯೇ? ನಿನ್ನ ತಮ್ಮನೇ!" ಹೆಂಚಿನ ಮೇಲಿದ್ದ ಚಪಾತಿ ಸೀದು ಹೊಗೆ ಬಂತು.

ಅಮ್ಮ ತಿಂಗಳಿಗೆ 5,000ದಂತೆ 14 ಕಂತು ಕಟ್ಟಿದ್ದಳು. ಒಂದು ಸಲವೂ ಚೀಟಿ ಕೂಗಿದವಳಲ್ಲ. ಸೇರಿಸಿದ್ದು ಅತ್ತಿಗೆಯೇ. "ಅತ್ತೆ, ನಿಮಗೆ ಲೋಕ ಗೊತ್ತಿಲ್ಲ" ಅಂತ ದಿನಕ್ಕೊಮ್ಮೆ ಹೇಳುವವಳು. ತರಕಾರಿಯವನ ತಕ್ಕಡಿಯನ್ನೂ ನಂಬುವವಳಲ್ಲ. ನಿಜ ಹೇಳಬೇಕೆಂದರೆ, ಅವಳು ಅಮ್ಮನನ್ನು ನೋಡಿ ನಗುವುದು ನನಗೆ ಯಾವತ್ತೂ ಹಿಡಿಸಿಲ್ಲ.

ಅದೇ ದಿನ ಬೆಳಿಗ್ಗೆ ನಾನು ಬಿ.ಎ. ಮಕ್ಕಳಿಗೆ ಷೇಕ್ಸ್‌ಪಿಯರನ 'ಒಥೆಲೊ' ಕೊನೆಯ ಅಂಕ ಮಾಡಿ ಬಂದಿದ್ದೆ. ಹೆಂಡತಿಯನ್ನು ಕೊಂದ ಒಥೆಲೊ, ಅವಳು ತಪ್ಪಿದವಳು, ಬೇಕಾದರೆ ನಿನ್ನ ಗಂಡನನ್ನೇ ಕೇಳು ಅನ್ನುತ್ತಾನೆ. ಹೆಂಡತಿಯ ಸಖಿ ಎಮಿಲಿಯಾ ಮೂರು ಸಲ ಕೇಳುತ್ತಾಳೆ, "ನನ್ನ ಗಂಡನಾ?" ಅವನಿಗೂ ರೇಗುತ್ತದೆ. 1604ರಲ್ಲಿ ಲಂಡನ್ನಿನ ಅರಮನೆಯಲ್ಲಿ ಆಡಿದ ನಾಟಕದಲ್ಲಿ ನಮ್ಮಣ್ಣನ ಮಾತು!

ಇಷ್ಟು ವರ್ಷ ನಾನು ಸುಲಭದ ಪಾಠ ಹೇಳಿದ್ದೆ. ಒಥೆಲೊನ ಹೆಂಡತಿ ಡೆಸ್ಡೆಮೋನಾ ಮುಗ್ಧೆ, ಎಮಿಲಿಯಾ ಲೋಕ ಕಂಡವಳು. ಅದಕ್ಕೆ ಬೇಕಾದ ದೃಶ್ಯವೂ ಇದೆ ಅಲ್ವಾ? ಸಾಯುವ ರಾತ್ರಿ ಡೆಸ್ಡೆಮೋನಾ ಕೇಳುತ್ತಾಳೆ, ಗಂಡನಿಗೆ ಮೋಸ ಮಾಡುವ ಹೆಂಗಸರು ನಿಜಕ್ಕೂ ಇದ್ದಾರಾ? ಇಡೀ ಜಗತ್ತನ್ನೇ ಕೊಟ್ಟರೆ ನೀನು ಮಾಡ್ತೀಯಾ? ಜಗತ್ತು ಅಂದರೆ ಸಣ್ಣದೇನಲ್ಲ, ಪುಟ್ಟ ತಪ್ಪಿಗೆ ದೊಡ್ಡ ಬೆಲೆ ಅಂತಾಳೆ ಎಮಿಲಿಯಾ. ಇಲ್ಲಿ ಕ್ಲಾಸಿನಲ್ಲಿ ಪ್ರತಿ ವರ್ಷ ನಗು ಬರುತ್ತದೆ.

ಆದರೆ ಒಥೆಲೊ ಹೆಂಡತಿಗೆ ಕೊಟ್ಟಿದ್ದ ಕರವಸ್ತ್ರ ಬಿದ್ದಾಗ ಎತ್ತಿ ತನ್ನ ಗಂಡ ಇಯಾಗೊ ಕೈಗೆ ಕೊಟ್ಟವಳು ಇವಳೇ. ಏನು ಮಾಡ್ತೀಯ ಇದನ್ನ ಅಂತ ಕೇಳಿದಳು, ಅವನು ಹೇಳಲಿಲ್ಲ, ಸುಮ್ನಾದಳು. ಒಡತಿ ಹುಡುಕುವಾಗ ಗೊತ್ತಿಲ್ಲ ಅಂದಳು. ಡೆಸ್ಡೆಮೋನಾ ತಪ್ಪಿದವಳು ಅನ್ನುವ ಸುಳ್ಳಿಗೆ ಇಯಾಗೊ ಸಾಕ್ಷಿ ಮಾಡಿಕೊಂಡದ್ದು ಅದೇ ಕರವಸ್ತ್ರವನ್ನು. ಇನ್ನೊಂದು ಜಾಗವಂತೂ ಈ ವಾರ ಓದುವಾಗ ಮೈ ಜುಂ ಅಂದಿತು. ಯಾವನೋ ನೀಚ ಪದವಿಯ ಆಸೆಗೆ ಈ ಸುಳ್ಳು ಹಬ್ಬಿಸಿದ್ದಾನೆ ಅಂತ ಅವಳು ಸರಿಯಾಗಿಯೇ ಊಹಿಸುತ್ತಾಳೆ. ಗಂಡ ಪಕ್ಕದಲ್ಲೇ ನಿಂತಿದ್ದಾನೆ. ಛೆ, ಅಂಥವರು ಇರೋಕೆ ಸಾಧ್ಯವೇ ಇಲ್ಲ ಅಂತ ಅವನೇ ಹೇಳುತ್ತಾನೆ.

ತಕ್ಕಡಿ ನೋಡುವ ಕಣ್ಣು ತಮ್ಮನನ್ನು ನೋಡಲಿಲ್ಲ. ಅದಕ್ಕೆ ಅತ್ತಿಗೆಯನ್ನು ದಡ್ಡಿ ಅನ್ನಲು ನನಗೆ ಬಾಯಿ ಬರುತ್ತಿಲ್ಲ. ಚಪಾತಿ ಲಟ್ಟಿಸುತ್ತಾ ಯಾರಾದರೂ ಒಡಹುಟ್ಟಿದವನ ಮೇಲೆ ಅನುಮಾನ ಪಡುತ್ತಾರಾ?

ಎಮಿಲಿಯಾ ಕೊನೆಗೆ ಎಲ್ಲರೆದುರು ಗಂಡನ ಬಣ್ಣ ಬಯಲು ಮಾಡಿ ಅವನ ಕತ್ತಿಗೇ ಬಲಿಯಾಗುತ್ತಾಳೆ. ಅತ್ತಿಗೆ ಬುಧವಾರ ಒಬ್ಬಳೇ ಠಾಣೆಗೆ ಹೊರಟಳು. ಅಣ್ಣ ಬೇಡ ಅಂದರೂ ಕೇಳಲಿಲ್ಲ. ಫೋಟೊ ಬೇಕಂತೆ. ಮೊಬೈಲಿನಲ್ಲಿ ಹುಡುಕಿ ಹುಡುಕಿ ಸಿಕ್ಕಿದ್ದು ಒಂದೇ, ನಮ್ಮನೆ ಯುಗಾದಿಯದು. ಎಲೆ ಮುಂದೆ ಕೂತು ನಗುತ್ತಿದ್ದಾನೆ. ಹೋಳಿಗೆಗೆ ತುಪ್ಪ ಬಡಿಸುತ್ತಿರುವ ಕೈ ಅಮ್ಮನದು.

ಅಮ್ಮ ಕನ್ನಡಕ ಹಾಕಿಕೊಂಡು ನೋಡಿ ಕೇಳಿದಳು, "ಪಾಪ, ಎಲ್ಲಿ ಊಟ ಮಾಡ್ತಿದಾನೋ?"

ಈ ಸಲ ಅತ್ತಿಗೆ ನಗಲಿಲ್ಲ.