ಟಾಪ್ ಮಾಡೆಲ್ ಅಂದರೆ ಫೋರ್ ಬೈ ಫೋರ್ ಅಂತಲ್ಲ: ಹಳೆ ಗಾಡಿ ಕೊಳ್ಳುವ ಮುಂಚೆ ವೇರಿಯಂಟ್ ನೋಡುವ ಬಗೆ

"ಫುಲ್ ಆಪ್ಷನ್ ಐತ್ರಿ ಸರ, ಟಾಪ್ ಮಾಡೆಲ್." ಬೆಳಗಾವಿಯಾಗಲಿ, ವಿಜಯಪುರವಾಗಲಿ, ಸೆಕೆಂಡ್ ಹ್ಯಾಂಡ್ ಗಾಡಿ ನೋಡಲು ಹೋದಲ್ಲೆಲ್ಲ ಮೊದಲು ಕಿವಿಗೆ ಬೀಳುವ ಮಾತು ಇದು. ಅಲಾಯ್ ಗಾಲಿ ಇದೆ, ದೊಡ್ಡ ಸ್ಕ್ರೀನ್ ಇದೆ, ಸೀಟು ಚೆನ್ನಾಗಿದೆ ಅಂತ ಅದರ ಅರ್ಥ. ಮುಂದಿನ ಗಾಲಿಗೆ ಎಂಜಿನ್ ಬಲ ಹೋಗುತ್ತದೋ ಇಲ್ಲವೋ ಅನ್ನುವುದು ಆ ಮಾತಿನಲ್ಲಿ ಇರುವುದೇ ಇಲ್ಲ.

ನಮ್ಮ ಕಡೆ ಫೋರ್ ಬೈ ಫೋರ್, ಅಂದರೆ ನಾಲ್ಕೂ ಗಾಲಿ ಎಳೆಯುವ ಗಾಡಿ, ಹುಡುಕುವವರಲ್ಲಿ ಕೆಲಸಕ್ಕೆ ಬೇಕಾದವರೇ ಹೆಚ್ಚು. ಮಳೆಗಾಲದಲ್ಲಿ ತಿಕೋಟಾ, ಬಬಲೇಶ್ವರದ ದ್ರಾಕ್ಷಿ ಪಡಕ್ಕೆ ಹೋಗುವ ಎರೆ ಹಾದಿ, ಮುಧೋಳ–ಜಮಖಂಡಿ ಕಡೆ ಕಬ್ಬಿನ ಟ್ರ್ಯಾಕ್ಟರ್ ಕೊರೆದಿಟ್ಟ ಜಾಡು, ಖಾನಾಪುರ ದಾಟಿ ಕಣಕುಂಬಿ ಕಡೆಗಿನ ಕೆಂಪು ಮಣ್ಣಿನ ಏರು: ಇಲ್ಲೆಲ್ಲ ಸೀಟಿನ ಬಟ್ಟೆ ಗಾಡಿಯನ್ನು ರಾಡಿಯಿಂದ ಎತ್ತುವುದಿಲ್ಲ. ಹಾಗಾಗಿ ವೇರಿಯಂಟನ್ನು ವ್ಯಾಪಾರಿ ಹೇಳುವ ಕ್ರಮಕ್ಕೆ ಉಲ್ಟಾ ನೋಡಬೇಕು. ಎಷ್ಟು ಗಾಲಿ ಎಳೆಯುತ್ತವೆ, ಲೋ ರೇಂಜ್ (ನಿಧಾನಕ್ಕೆ, ಹೆಚ್ಚು ಬಲದಿಂದ ಎಳೆಯುವ ಗೇರ್) ಇದೆಯೇ, ಹಿಂದಿನ ಡಿಫರೆನ್ಶಿಯಲ್ (ಎರಡೂ ಗಾಲಿಗೆ ಬಲ ಹಂಚುವ ಗೇರ್ ಜೋಡಣೆ) ಲಾಕ್ ಆಗುತ್ತದೆಯೇ, ಏರ್‌ಬ್ಯಾಗ್–ಎಬಿಎಸ್ ಇದೆಯೇ; ಸ್ಕ್ರೀನು, ಸನ್‌ರೂಫು ಕೊನೆಗೆ.

ಥಾರ್‌ನಿಂದ ಶುರು ಮಾಡೋಣ, ಯಾಕೆಂದರೆ ಹೆಚ್ಚು ಗೊಂದಲ ಇರುವುದು ಅಲ್ಲೇ. 2020ರ ಅಕ್ಟೋಬರ್‌ನಲ್ಲಿ ಬಂದ ಹೊಸ ಥಾರ್ ಮೊದಲಿಗೆ ಎಲ್ಲ ವೇರಿಯಂಟಿನಲ್ಲೂ ಫೋರ್ ಬೈ ಫೋರೇ ಆಗಿತ್ತು. 2023ರ ಜನವರಿಯಲ್ಲಿ ಬರೀ ಹಿಂದಿನ ಗಾಲಿ ಎಳೆಯುವ ಥಾರ್ ಬಂತು. ಹೊರಗಿನಿಂದ ಎರಡೂ ಅಣ್ಣ ತಮ್ಮ. ಹೆಸರೂ ಅದೇ: ಎಎಕ್ಸ್ ಆಪ್ಷನಲ್, ಎಲ್‌ಎಕ್ಸ್. ಅಂದರೆ 2023ರ ನಂತರದ "ಥಾರ್ ಎಲ್‌ಎಕ್ಸ್, ಟಾಪ್ ಎಂಡ್" ಫೋರ್ ಬೈ ಫೋರ್ ಆಗಿರಲೇಬೇಕೆಂದಿಲ್ಲ. ಗುರುತು ಹಿಡಿಯುವುದು ಸುಲಭ. ಗೇರ್ ಲಿವರ್ ಪಕ್ಕದಲ್ಲಿ ಎರಡನೇ ಲಿವರ್ ಇದ್ದರೆ ಫೋರ್ ಬೈ ಫೋರ್. ಆ ಜಾಗದಲ್ಲಿ ಸಾಮಾನು ಇಡುವ ಗುಳಿ ಇದ್ದರೆ ಅಲ್ಲ. ಗಾಡಿ ಎದುರಿಗಿಲ್ಲ, ಆರ್‌ಸಿ ಫೋಟೋ ಮಾತ್ರ ವಾಟ್ಸಾಪ್‌ನಲ್ಲಿ ಬಂದಿದೆ ಅಂದರೂ ಡೀಸೆಲ್ ಥಾರ್ ಪತ್ತೆ ಮಾಡಬಹುದು: ಸಿಸಿ (ಎಂಜಿನ್ ಗಾತ್ರ) ಕಾಲಂ ನೋಡಿ. 1500ರ ಒಳಗಿದ್ದರೆ ಅದು ಹಿಂದಿನ ಗಾಲಿಯದು, 2200ರ ಆಸುಪಾಸು ಇದ್ದರೆ ಫೋರ್ ಬೈ ಫೋರ್. ಪೆಟ್ರೋಲ್‌ಗೆ ಈ ಲೆಕ್ಕ ನಡೆಯುವುದಿಲ್ಲ, ಎರಡಕ್ಕೂ ಅದೇ 2 ಲೀಟರ್ ಎಂಜಿನ್.

ಅದೇ 2023ರಲ್ಲಿ ಇನ್ನೊಂದು ಬದಲಾವಣೆಯೂ ಆಯಿತು, ಅದರ ಬಗ್ಗೆ ಯಾರೂ ಬಾಯಿಬಿಡುವುದಿಲ್ಲ. ಹಿಂದಿನ ಡಿಫರೆನ್ಶಿಯಲ್‌ನಲ್ಲಿ ಮೆಕ್ಯಾನಿಕಲ್ ಲಾಕ್ ಡೀಸೆಲ್ ಎಲ್‌ಎಕ್ಸ್‌ಗೆ ಮಾತ್ರ, ಅದೂ ಆಯ್ಕೆಯಾಗಿ ಉಳಿಯಿತು. ಉಳಿದವಕ್ಕೆ ಬ್ರೇಕ್ ಹಿಡಿದು ಕೆಲಸ ಮಾಡುವ ಎಲೆಕ್ಟ್ರಾನಿಕ್ ಏರ್ಪಾಟು ಬಂತು. ಎರಡಕ್ಕೂ ವ್ಯತ್ಯಾಸ ದೊಡ್ಡದು. ಮೆಕ್ಯಾನಿಕಲ್ ಲಾಕ್ ಇರುವಲ್ಲಿ ಒಂದು ಗಾಲಿ ಸುಮ್ಮನೆ ತಿರುಗತೊಡಗಿ, ಎರಡು ಗಾಲಿಗಳ ವೇಗದ ಅಂತರ ನಿಮಿಷಕ್ಕೆ ಸುಮಾರು 100 ಸುತ್ತು ದಾಟಿತೆಂದರೆ ಒಳಗಿನ ಕೊಂಡಿ ಟಕ್ ಅಂತ ಬಿದ್ದು ಎರಡೂ ಗಾಲಿ ಒಟ್ಟಿಗೆ ತಿರುಗುತ್ತವೆ. ಎಲೆಕ್ಟ್ರಾನಿಕ್ ಏರ್ಪಾಟಿನಲ್ಲಿ ತಿರುಗುವ ಗಾಲಿಗೆ ಎಬಿಎಸ್ ಪಂಪು ಬ್ರೇಕ್ ಹಾಕುತ್ತದೆ, ಆಗ ಬಲ ಇನ್ನೊಂದು ಗಾಲಿಗೆ ಹೋಗುತ್ತದೆ. ಕಲ್ಲಿನ ಹಾದಿಯಲ್ಲಿ, ಗಟ್ಟಿ ನೆಲದ ತಗ್ಗಿನಲ್ಲಿ ಇದು ಸಾಕು. ಗಾಲಿಗೆ ಮೆತ್ತಿಕೊಳ್ಳುವ ಎರೆ ಮಣ್ಣಿನಲ್ಲಿ ಬಹಳ ಹೊತ್ತು ಒದ್ದಾಡಿದರೆ ಬ್ರೇಕ್ ಬಿಸಿಯಾಗುತ್ತದೆ, ಎಳೆತ ತುಂಡು ತುಂಡಾಗಿ ಬರುತ್ತದೆ. ಹೊಲಕ್ಕೆಂದೇ ಥಾರ್ ತೆಗೆದುಕೊಳ್ಳುವವರು ಮೆಕ್ಯಾನಿಕಲ್ ಲಾಕ್ ಇರುವುದನ್ನೇ ಕಾದು ತೆಗೆದುಕೊಳ್ಳಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಪರೀಕ್ಷೆ ಹೀಗೆ: ಒಂದು ಹಿಂದಿನ ಗಾಲಿ ಸಡಿಲವಾಗಿ ತೂಗುವಂತೆ ಸಣ್ಣ ತಗ್ಗಿಗೆ ಇಳಿಸಿ, ಟೂ ವೀಲ್‌ನಲ್ಲೇ (ಎರಡೇ ಗಾಲಿ ಎಳೆಯುವಂತೆ) ಮೊದಲ ಗೇರ್ ಹಾಕಿ ನಿಧಾನ ಆಕ್ಸಿಲರೇಟರ್ ಕೊಡಿ. ಹಿಂದಿನಿಂದ ಒಂದೇ ಟಕ್ ಬಂದು ಗಾಡಿ ಎದ್ದರೆ ಮೆಕ್ಯಾನಿಕಲ್. ಕರ್ರ್ ಕರ್ರ್ ಅಂತ ಪಂಪಿನ ಸದ್ದು ಬಂದರೆ ಬ್ರೇಕಿನದು. ಜಾಕ್ ಹಾಕಿ ಗಾಲಿ ಕೈಯಿಂದ ತಿರುಗಿಸಿದರೆ ಇದು ಗೊತ್ತಾಗದು, ನಿಧಾನಕ್ಕೆ ತಿರುಗಿಸಿದಾಗ ಎರಡೂ ಒಂದೇ ತರ ವರ್ತಿಸುತ್ತವೆ.

ಕೆಳಗಿನ ವೇರಿಯಂಟ್ ನಮ್ಮ ಹೊಲಕ್ಕೆ ಮೇಲು ಅನ್ನಿಸುವ ಜಾಗವೂ ಥಾರ್‌ನಲ್ಲೇ ಇದೆ. ಎಎಕ್ಸ್‌ಗೆ 16 ಇಂಚಿನ ಕಬ್ಬಿಣದ ರಿಮ್, 245/75 ಟೈರ್. ಎಲ್‌ಎಕ್ಸ್‌ಗೆ 18 ಇಂಚಿನ ಅಲಾಯ್, 255/65. ಗಾಲಿಯ ಒಟ್ಟು ಎತ್ತರದಲ್ಲಿ ವ್ಯತ್ಯಾಸ 15 ಮಿಲಿಮೀಟರ್ ಅಷ್ಟೆ. ಆದರೆ ಟೈರಿನ ಪಕ್ಕದ ಗೋಡೆ ಎಎಕ್ಸ್‌ನಲ್ಲಿ 184 ಮಿಮೀ, ಎಲ್‌ಎಕ್ಸ್‌ನಲ್ಲಿ 166. ರಾಡಿಯಲ್ಲಿ ಗಾಳಿ ಇಳಿಸಿದಾಗ ಆ ಹೆಚ್ಚಿನ ಗೋಡೆಯೇ ಅಗಲವಾಗಿ ಕೂತು ಹಿಡಿತ ಕೊಡುತ್ತದೆ. ಕಲ್ಲಿಗೆ ತಾಗಿದರೆ ಕಬ್ಬಿಣದ ರಿಮ್ ಮಣಿಯುತ್ತದೆ, ಬಡಿದು ನೆಟ್ಟಗೆ ಮಾಡಬಹುದು. ಅಲಾಯ್ ಸೀಳಿದರೆ ಮುಗಿಯಿತು.

ಹಳೆ ಥಾರ್, ಅಂದರೆ 2010ರಿಂದ 2020ರವರೆಗಿನದು, ಬೇರೆ ಲೆಕ್ಕ. ಡಿಐ, ಸಿಆರ್‌ಡಿಇ ಅಂತ ಎರಡು. ಡಿಐ ಎಂಜಿನ್ 63 ಎಚ್‌ಪಿ, ಸಿಆರ್‌ಡಿಇ 105. ಡಿಐನಲ್ಲಿ ಟೂ ವೀಲ್ ಕೂಡ ಮಾರಾಟವಾಗಿದೆ. ಡಿಐಗೆ ಅಗಲ ಗಾಲಿ, ಹೊಸ ಬಂಪರ್, ಸಿಆರ್‌ಡಿಇ ಬ್ಯಾಡ್ಜು ಅಂಟಿಸಿ ನಿಲ್ಲಿಸುವುದು ಹೊಸದೇನಲ್ಲ. ಮುಂದಿನ ಗಾಲಿಯ ಪಕ್ಕದಲ್ಲಿ ಮಂಡಿಯೂರಿ ಒಳಗೆ ಟಾರ್ಚ್ ಬಿಡಿ. ಒಂದರ ಮೇಲೊಂದು ಜೋಡಿಸಿದ ಪಾಟಾ ಸ್ಪ್ರಿಂಗ್ ಮುಂದುಗಡೆಯೂ ಇದ್ದರೆ ಅದು ಡಿಐ. ಪಾಟಾ ಇಲ್ಲದೆ, ಚಾಸಿಯ ಉದ್ದಕ್ಕೆ ಹಿಂದೆ ಹೋಗುವ ದಪ್ಪ ಉಕ್ಕಿನ ಸರಳು, ಅಂದರೆ ಟಾರ್ಶನ್ ಬಾರ್ ಕಂಡರೆ ಸಿಆರ್‌ಡಿಇ. ಬ್ಯಾಡ್ಜ್ ಬದಲಿಸಿದಷ್ಟು ಸಲೀಸಾಗಿ ಇದನ್ನು ಬದಲಿಸಲು ಬರುವುದಿಲ್ಲ. ಸಿಆರ್‌ಡಿಇಗೆ ಹಿಂದಿನ ಮೆಕ್ಯಾನಿಕಲ್ ಲಾಕ್ ಬಂದದ್ದು 2015ರಲ್ಲಿ, ಆದ್ದರಿಂದ ಅದಕ್ಕೂ ಹಳೆಯದಕ್ಕೆ "ಲಾಕ್ ಐತ್ರಿ" ಅಂದರೆ ಎಲ್ಲಿ ಹಾಕಿಸಿದ್ದು ಅಂತ ಕೇಳಿ. ಮನೆ ಮಂದಿ ಓಡಾಡುವ ಗಾಡಿ ಬೇಕಿದ್ದರೆ ಹಳೆ ಥಾರ್ ಬೇಡ. ಯಾವ ವೇರಿಯಂಟಿನಲ್ಲೂ ಏರ್‌ಬ್ಯಾಗ್ ಇಲ್ಲ.

ಸ್ಕಾರ್ಪಿಯೋ ಎನ್‌ನಲ್ಲಿ ಹೆಸರಿನ ಏಣಿಯೇ ದಾರಿ ತಪ್ಪಿಸುತ್ತದೆ. ಫೋರ್ ಬೈ ಫೋರ್ ಡೀಸೆಲ್‌ನಲ್ಲಿ ಮಾತ್ರ, ಝಡ್4, ಝಡ್8, ಝಡ್8 ಎಲ್‌ನಲ್ಲಿ. ನಡುವಿನ ಝಡ್6 ದುಬಾರಿ, ಆದರೆ ಅದರಲ್ಲಿ ಇಲ್ಲ. ಕೆಲಸದ ಗಾಡಿ ಬೇಕಾದವರಿಗೆ ಝಡ್4 ಫೋರ್ ಬೈ ಫೋರ್ ಸಿಕ್ಕರೆ ಬಿಡಬಾರದು. ಸ್ಕಾರ್ಪಿಯೋ ಕ್ಲಾಸಿಕ್‌ನಲ್ಲಿ ಫೋರ್ ಬೈ ಫೋರ್ ಬಂದೇ ಇಲ್ಲ, ಎಸ್11 ಆದರೂ ಅಷ್ಟೆ. ಆದರೆ ಕ್ಲಾಸಿಕ್ ಅನ್ನುವ ಹೆಸರು ಬರುವ ಮುಂಚಿನ ಎಸ್4, ಎಸ್10, ಎಸ್11ರಲ್ಲಿ ಫೋರ್ ಬೈ ಫೋರ್ ಬಂದಿದ್ದವು. ಅವುಗಳಲ್ಲಿ ಎರಡನೇ ಲಿವರ್ ಬದಲು ತಿರುಗಿಸುವ ಗುಂಡಿ ಇರುತ್ತದೆ.

ಬೊಲೆರೋ ನಿಯೋ ಎನ್10 ಆಪ್ಷನಲ್‌ನಲ್ಲಿ ಹಿಂದೆ ಮೆಕ್ಯಾನಿಕಲ್ ಲಾಕ್ ಇದೆ, ಆದರೆ ಗಾಡಿ ಹಿಂದಿನ ಗಾಲಿಯದೇ. ಬಹಳ ಜನ ಇದನ್ನು ಫೋರ್ ಬೈ ಫೋರ್ ಅಂತಲೇ ನಂಬಿದ್ದಾರೆ. ಒಣ ಗರಸಿನ ಹಾದಿಗೆ ಒಳ್ಳೆಯ ಗಾಡಿ, ಟೂ ವೀಲ್ ಬೆಲೆ ಮಾತ್ರ ಕೊಡಿ. 2021ರ ಹೊಸ ಸಫಾರಿಯಲ್ಲಿ ಹಾದಿಗೆ ತಕ್ಕಂತೆ ತಿರುಗಿಸುವ ಗುಂಡಿ ಇದೆ. ಎಳೆಯುವುದು ಮುಂದಿನ ಎರಡೇ ಗಾಲಿ. ಹಳೆ ಸಫಾರಿ ಸ್ಟಾರ್ಮ್ ವಿಎಕ್ಸ್‌ನಲ್ಲಿ ಫೋರ್ ಬೈ ಫೋರ್ ಇದೆ, ಅದೇ ವಿಎಕ್ಸ್ ಹೆಸರಿನಲ್ಲಿ ಟೂ ವೀಲ್ ಕೂಡ ಇದೆ. ಫಾರ್ಚುನರ್ ಲೆಜೆಂಡರ್ 2021ರ ಜನವರಿಯಲ್ಲಿ ಬಂದಾಗ ಟೂ ವೀಲ್ ಮಾತ್ರ, ಫೋರ್ ಬೈ ಫೋರ್ ಬಂದದ್ದು ಅದೇ ವರ್ಷ ಅಕ್ಟೋಬರ್‌ನಲ್ಲಿ. ಜಿಮ್ನಿಯಲ್ಲಿ ಈ ತಲೆನೋವಿಲ್ಲ: ಝೀಟಾ, ಆಲ್ಫಾ ಎರಡರಲ್ಲೂ ಫೋರ್ ಬೈ ಫೋರ್, ಲೋ ರೇಂಜ್, ಆರು ಏರ್‌ಬ್ಯಾಗ್. ಆಲ್ಫಾಗೆ ಹೆಚ್ಚು ಕೊಡುವುದು ಅಲಾಯ್, ಎಲ್‌ಇಡಿ ದೀಪ, ದೊಡ್ಡ ಸ್ಕ್ರೀನ್ ಇಂಥವಕ್ಕೆ.

ಡಸ್ಟರ್, ಎಕ್ಸ್‌ಯುವಿ500, ಹೆಕ್ಸಾ ಇವುಗಳಲ್ಲಿ ನಾಲ್ಕು ಗಾಲಿ ಎಳೆಯುವ ವೇರಿಯಂಟ್ ಇದ್ದರೂ ಲೋ ರೇಂಜ್ ಇಲ್ಲ. ಜಾರುವ ಹಾದಿಗೆ, ಚೋರ್ಲಾ ಘಾಟಿನ ಮಳೆಗೆ ಸರಿ. ಹೂತ ಟ್ರೇಲರ್ ಎಳೆಯಲು ಹೋದರೆ ಕ್ಲಚ್ ಸುಡುತ್ತದೆ. ಇವನ್ನು ನೋಡುವಾಗ ನಾಲ್ಕೂ ಟೈರು ಒಂದೇ ಅಳತೆ, ಒಂದೇ ಕಂಪನಿ, ಹೆಚ್ಚುಕಡಿಮೆ ಒಂದೇ ಸವಕಳಿ ಇವೆಯೇ ನೋಡಿ. ಮುಂದೆ ಹೊಸದು, ಹಿಂದೆ ಬೋಳು ಹಾಕಿ ಓಡಿಸಿದ್ದರೆ ಮುಂದಿನ ಹಿಂದಿನ ಗಾಲಿ ಸುತ್ತುವ ವೇಗದಲ್ಲಿ ಸದಾ ಅಂತರ ಬಿದ್ದು ಮುಂದಿನ ಹಿಂದಿನ ಗಾಲಿಗಳ ನಡುವೆ ಬಲ ದಾಟಿಸುವ ಕಪ್ಲಿಂಗ್ ಬಿಸಿಯಾಗಿ ಸವೆದಿರುತ್ತದೆ.

ಇನ್ನು ಗಾಡಿ ಕೆಳಗೆ ಹೋಗುವುದು. ಥಾರ್, ಸ್ಕಾರ್ಪಿಯೋ, ಸ್ಟಾರ್ಮ್ ತರದ ಗಾಡಿಯಲ್ಲಿ ಗೇರ್‌ಬಾಕ್ಸ್ ಹಿಂದೆ ಟ್ರಾನ್ಸ್‌ಫರ್ ಕೇಸ್ (ಬಲವನ್ನು ಮುಂದೆ ಹಿಂದೆ ಹಂಚುವ ಪೆಟ್ಟಿಗೆ) ಇರಬೇಕು, ಅದರಿಂದ ಎರಡು ಪ್ರೊಪೆಲ್ಲರ್ ಶಾಫ್ಟ್ (ಬಲ ಒಯ್ಯುವ ಉದ್ದ ದಂಡ) ಹೊರಡಬೇಕು, ಒಂದು ಹಿಂದಕ್ಕೆ, ಒಂದು ಮುಂದಕ್ಕೆ. ಮುಂದಿನದನ್ನು ಬಿಚ್ಚಿಟ್ಟು ಮಾರುವವರೂ ಇದ್ದಾರೆ: ಕೆಟ್ಟಿದ್ದನ್ನು ರಿಪೇರಿ ಮಾಡುವುದಕ್ಕಿಂತ ತೆಗೆದು ಓಡಿಸುವುದು ಅಗ್ಗ. ಲಿವರ್ ಇದ್ದೂ ಮುಂದಿನ ಶಾಫ್ಟ್ ಇಲ್ಲದಿದ್ದರೆ ಅದನ್ನು ಟೂ ವೀಲ್ ಬೆಲೆಗೇ ಕೇಳಿ.

"ಫೋರ್ ಬೈ ಫೋರ್ ಒಮ್ಮೆಯೂ ಹಾಕಿಲ್ರಿ, ಹೊಸದರಂಗ ಐತಿ" ಅನ್ನುವ ಮಾತನ್ನು ಖುಷಿಯಿಂದ ಕೇಳಿಸಿಕೊಳ್ಳಬೇಡಿ. ಬಳಸದೆ ಬಿಟ್ಟರೆ ಗುಂಡಿಯಿಂದ ನಡೆಯುವ ಗಾಡಿಗಳಲ್ಲಿ ಶಿಫ್ಟ್ ಮೋಟಾರ್ ಹಿಡಿದುಕೊಳ್ಳುತ್ತದೆ, ಲಿವರ್ ಇರುವವುಗಳಲ್ಲಿ ಲಿಂಕೇಜ್ ತುಕ್ಕು ಹಿಡಿಯುತ್ತದೆ, ಸೀಲು ಒಣಗಿ ಆಯಿಲ್ ಜಿನುಗುತ್ತದೆ. ಗಾಡಿಯನ್ನು ಗರಸಿನ ಬಯಲಿಗೆ ಒಯ್ಯಿರಿ, ಡಾಂಬರಿನ ಮೇಲೆ ಈ ಪರೀಕ್ಷೆ ಬೇಡ. ನೆಟ್ಟಗೆ ನಿಧಾನ ಹೋಗುತ್ತ ಫೋರ್ ಹೈ (ಮಾಮೂಲಿ ಗೇರಿನ ಫೋರ್ ಬೈ ಫೋರ್) ಹಾಕಿ, ದೀಪ ಮಿಣುಕದೆ ನಿಲ್ಲಬೇಕು. ಸ್ಟೇರಿಂಗ್ ಪೂರಾ ತಿರುಗಿಸಿ ನಡಿಗೆಯ ವೇಗದಲ್ಲಿ ಒಂದು ಸುತ್ತು ಹಾಕಿ: ಮುಂದುಗಡೆ ಬಿಗಿದಂತೆ, ಗಾಲಿ ಮಣ್ಣನ್ನು ಉಜ್ಜಿದಂತೆ ಅನ್ನಿಸಿದರೆ ಮುಂದಿನ ಗಾಲಿ ನಿಜಕ್ಕೂ ಎಳೆಯುತ್ತಿದೆ. ಟಕ್ ಟಕ್ ಅಂತ ಸದ್ದು ಬಂದರೆ ಮುಂದಿನ ಆ್ಯಕ್ಸಲ್ ಜಾಯಿಂಟ್ ಹೋಗಿದೆ. ಆಮೇಲೆ ಗಾಡಿ ನಿಲ್ಲಿಸಿ, ನ್ಯೂಟ್ರಲ್ ಮಾಡಿ ಫೋರ್ ಲೋ, ಅಂದರೆ ಲೋ ರೇಂಜ್ ಹಾಕಿ. ಮೊದಲ ಗೇರಿನಲ್ಲಿ ಆಕ್ಸಿಲರೇಟರ್ ಮುಟ್ಟದೆ ಕ್ಲಚ್ ಬಿಟ್ಟರೆ ಆಫಾಗದೆ ತೆವಳಬೇಕು. ಲೋದಿಂದ ಹೊರಬರುವಾಗ ಹಟ ಮಾಡಿದರೆ ಅರ್ಧ ಮೀಟರ್ ಹಿಂದೆ ಮುಂದೆ ಮಾಡಿ. ಆಗಲೂ ಬಿಡದಿದ್ದರೆ ಟ್ರಾನ್ಸ್‌ಫರ್ ಕೇಸ್ ಬಿಚ್ಚುವ ಖರ್ಚು ಇದೆ.

ಕೃಷ್ಣಾ, ಮಲಪ್ರಭಾ, ಘಟಪ್ರಭಾ ಕಡೆಯ ಗಾಡಿ, ಕೊಲ್ಹಾಪುರ–ಸಾಂಗಲಿಯ ಗಾಡಿ ಆದರೆ 2019ರ ಆಗಸ್ಟ್ ಪ್ರವಾಹ ನೆನಪಿರಲಿ. ಮುಂದಿನ, ಹಿಂದಿನ ಡಿಫರೆನ್ಶಿಯಲ್ ಮತ್ತು ಟ್ರಾನ್ಸ್‌ಫರ್ ಕೇಸಿನ ಪ್ಲಗ್ ಬಿಚ್ಚಿಸಿ ಆಯಿಲ್ ನೋಡಿ. ಹಾಲು ಹಾಕಿದ ಚಹಾದಂತಿದ್ದರೆ ನೀರು ಒಳಗೆ ಹೋಗಿದೆ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ಕೆಸರಿನ ಗೆರೆ ಇದೆಯೇ ನೋಡಿ; ಸೀಟು ತೊಳೆಯುವವರು ಬೆಲ್ಟಿನ ತುದಿ ಮರೆಯುತ್ತಾರೆ. ಮೇಲಿನ ವೇರಿಯಂಟ್ ಆದಷ್ಟೂ ಸೀಟಿನ ಕೆಳಗೆ ವೈರಿಂಗ್, ಮೋಟಾರ್, ಸೆನ್ಸರ್ ಹೆಚ್ಚು. ಆದ್ದರಿಂದ ನೆರೆಗೆ ಸಿಕ್ಕ ಟಾಪ್ ಮಾಡೆಲ್ ಎಷ್ಟು ಕಡಿಮೆಗೆ ಬಂದರೂ ಬೇಡ ಅನ್ನುತ್ತೇನೆ. ಗೋವಾದಿಂದ ಬಂದದ್ದಾದರೆ ಚಾಸಿಯ ಒಳಮೂಲೆ, ಬಾಗಿಲ ಕೆಳತುದಿಯ ತುಕ್ಕು ಬೆರಳಿಂದ ಒತ್ತಿ ನೋಡಿ.

ಕೆಳಗಿನ ವೇರಿಯಂಟಿಗೆ ಮೇಲಿನದರ ವೇಷ ಹಾಕಿದ್ದನ್ನು ಸುರಕ್ಷತೆಯ ಸಾಮಾನಿನಲ್ಲಿ ಹಿಡಿಯಬಹುದು. ಕೀ ತಿರುಗಿಸಿದ ತಕ್ಷಣ ಎಬಿಎಸ್, ಏರ್‌ಬ್ಯಾಗ್ ದೀಪ ಹೊತ್ತಿ, ಕೆಲವು ಸೆಕೆಂಡಿನಲ್ಲಿ ಆರಬೇಕು. ಹೊತ್ತದೇ ಇದ್ದರೆ ಆ ಸಾಮಾನು ಇಲ್ಲ, ಇಲ್ಲವೇ ದೋಷ ಮುಚ್ಚಿಡಲು ದೀಪ ಕಿತ್ತಿದ್ದಾರೆ.

ಕಾಗದದಲ್ಲಿ ವೇರಿಯಂಟ್ ಹೆಸರು ಅತಿ ಸ್ಪಷ್ಟವಾಗಿ ಸಿಗುವುದು ಹಳೆ ಇನ್ಶೂರೆನ್ಸ್ ಪಾಲಿಸಿಯಲ್ಲಿ ಮತ್ತು ಮೊದಲ ಖರೀದಿ ಬಿಲ್ಲಿನಲ್ಲಿ. ಆರ್‌ಸಿಯಲ್ಲಿ ಕೆಲವೊಮ್ಮೆ ಪೂರ್ಣ ಹೆಸರು ಇರುತ್ತದೆ, ಕೆಲವೊಮ್ಮೆ "ಥಾರ್" ಅಂತ ಬಿಟ್ಟುಬಿಟ್ಟಿರುತ್ತದೆ. ಅನುಮಾನ ಬಂದರೆ ಚಾಸಿ ನಂಬರ್ ಹಿಡಿದು ಕಂಪನಿಯ ಅಧಿಕೃತ ವರ್ಕ್‌ಶಾಪಿಗೆ ಹೋಗಿ, ಅವರ ಕಂಪ್ಯೂಟರಿನಲ್ಲಿ ಕಾರ್ಖಾನೆಯಿಂದ ಯಾವ ವೇರಿಯಂಟ್ ಹೊರಬಂತೆಂದು ಇರುತ್ತದೆ. ಆ ನಂಬರ್ ಆರ್‌ಸಿಯಿಂದ ಬರೆದುಕೊಳ್ಳಬೇಡಿ, ಚಾಸಿಯ ಮೇಲೆ ಕೊರೆದದ್ದನ್ನೇ ಪೆನ್ಸಿಲ್ ಉಜ್ಜಿ ತೆಗೆದುಕೊಳ್ಳಿ.

ಗಾಡಿ ಎಂಎಚ್ 09, 10 ಅಥವಾ 13 (ಕೊಲ್ಹಾಪುರ, ಸಾಂಗಲಿ, ಸೋಲಾಪುರ) ಆಗಿದ್ದರೆ ಅಲ್ಲಿನ ಆರ್‌ಟಿಒದಿಂದ ಫಾರ್ಮ್ 28ರ ಎನ್‌ಒಸಿ, ಸಾಲ ಇದ್ದಿದ್ದರೆ ಫಾರ್ಮ್ 35, ಮಾರಿದವರ ಸಹಿ ಇರುವ ಫಾರ್ಮ್ 29 ಮತ್ತು 30 ಬೇಕು. ಆಮೇಲೆ ಇಲ್ಲಿ ಕೆಎ 22, 28, 29 (ಬೆಳಗಾವಿ, ವಿಜಯಪುರ, ಬಾಗಲಕೋಟೆ) ಯಾವುದೋ ಅದಕ್ಕೆ ಹೊಸ ನಂಬರ್ ಮತ್ತು ಕರ್ನಾಟಕದ ಲೈಫ್ ಟ್ಯಾಕ್ಸ್. ಆ ಟ್ಯಾಕ್ಸ್ ಗಾಡಿಯ ಮೂಲ ಬೆಲೆ ಮತ್ತು ವಯಸ್ಸಿನ ಮೇಲೆ ನಿಲ್ಲುತ್ತದೆ, ಮೂಲ ಬೆಲೆ ವೇರಿಯಂಟಿನ ಮೇಲೆ. ಟೋಕನ್ ಕೊಡುವ ಮುಂಚೆಯೇ ಖರೀದಿ ಬಿಲ್ಲಿನ ನಕಲು ಹಿಡಿದು ಆರ್‌ಟಿಒದಲ್ಲಿ ಟ್ಯಾಕ್ಸ್ ಎಷ್ಟಾಗುತ್ತದೆ ಅಂತ ಲೆಕ್ಕ ಹಾಕಿಸಿಕೊಂಡು ಬನ್ನಿ.