ಒಂಬತ್ತು ಗೆದ್ದಾಯ್ತು, ಇನ್ನೆರಡು

ನಾವಿರುವ ಕ್ಯಾರಿಯಲ್ಲಿ ಹೊಸದಾಗಿ ಮನೆ ಮಾಡಿದವರನ್ನು ಅಕ್ಕಪಕ್ಕದವರು ಯಾವ ಕಂಪನಿ ಅಂತ ಕೇಳುವ ಮೊದಲು ಯಾವ ಟೀಮ್ ಅಂತ ಕೇಳುತ್ತಾರೆ. ನಾರ್ತ್ ಕ್ಯಾರೊಲಿನಾದ ಈ ಭಾಗದಲ್ಲಿ ಅರ್ಧ ಗಂಟೆ ಕಾರು ಓಡಿಸಿದರೆ ಮೂರು ದೊಡ್ಡ ಯೂನಿವರ್ಸಿಟಿ ಸಿಗುತ್ತವೆ. ಡರ್ಹಮ್‌ನ ಡ್ಯೂಕ್, ಗಾಢ ನೀಲಿ. ಚಾಪೆಲ್ ಹಿಲ್‌ನ ಯುಎನ್‌ಸಿ, ತಿಳಿ ನೀಲಿ. ರಾಲಿಯ ಎನ್‌ಸಿ ಸ್ಟೇಟ್, ಕೆಂಪು. ನೀಲಿಯವರಿಬ್ಬರೂ ಬ್ಯಾಸ್ಕೆಟ್‌ಬಾಲ್ ಕಪ್ ಗೆದ್ದು ಗೆದ್ದು ಸಾಕಾದವರು. ಕೆಂಪಿನವರಿಗೆ ರಾಷ್ಟ್ರಮಟ್ಟದಲ್ಲಿ ಸಿಕ್ಕಿದ್ದು ಎರಡೇ ಕಪ್, 1974ರದ್ದು ಮತ್ತು 1983ರದ್ದು. ನಾನು ಎಂಎಸ್ ಮಾಡಿದ್ದು ಎನ್‌ಸಿ ಸ್ಟೇಟ್‌ನಲ್ಲಿ. ಇನ್ನು ಕ್ರಿಕೆಟ್ ವಿಷಯಕ್ಕೆ ಬಂದರೆ ಆರ್‌ಸಿಬಿ ಹುಟ್ಟಿದಾಗಿನಿಂದ ಆರ್‌ಸಿಬಿ. ಕೆಂಪು ಜರ್ಸಿ ಹಾಕಿಕೊಂಡು ಸೋಲುವುದು ನನಗೆ ಎರಡು ದೇಶಗಳಲ್ಲೂ ಅಭ್ಯಾಸವಾಗಿತ್ತು.

ಈಗ ಹೇಳಹೊರಟಿದ್ದು 2024ರ ಏಪ್ರಿಲ್ 6, ಶನಿವಾರದ ವಿಷಯ. ಅವತ್ತು ಸಂಜೆ ನಮ್ಮ ಹುಡುಗರು ಅರಿಜೋನಾದಲ್ಲಿ ಪರ್ಡ್ಯೂ ವಿರುದ್ಧ ಫೈನಲ್ ಫೋರ್ ಆಡಬೇಕಿತ್ತು, ಅಂದರೆ ಸೆಮಿಫೈನಲ್. ಒಂದು ತಿಂಗಳ ಹಿಂದೆ ಯಾರಾದರೂ ಹೀಗಾಗುತ್ತೆ ಅಂದಿದ್ದರೆ ನಗುತ್ತಿದ್ದೆವು. ಲೀಗ್‌ನ ಕೊನೆಯ ನಾಲ್ಕು ಪಂದ್ಯಗಳನ್ನು ಸಾಲಾಗಿ ಸೋತಿದ್ದರು. 17 ಗೆಲುವು, 14 ಸೋಲು. ಕೋಚ್ ಕೆವಿನ್ ಕೀಟ್ಸ್ ಅವರನ್ನು ಮನೆಗೆ ಕಳಿಸಿ ಅಂತ ಊರೆಲ್ಲ ಮಾತಾಡುತ್ತಿತ್ತು. ರಾಷ್ಟ್ರಮಟ್ಟದ ಟೂರ್ನಿಗೆ ಹೋಗಲು ಉಳಿದಿದ್ದು ಒಂದೇ ದಾರಿ. ನಮ್ಮ ತಂಡ ಆಡುವ ಯೂನಿವರ್ಸಿಟಿ ಲೀಗ್ ಎಸಿಸಿ, ಅದು ಆ ವರ್ಷ ವಾಷಿಂಗ್ಟನ್‌ನಲ್ಲಿ ನಡೆಸುತ್ತಿದ್ದ ಟೂರ್ನಿಯನ್ನೇ ಗೆದ್ದುಬಿಡುವುದು. ಐದು ದಿನದಲ್ಲಿ ಐದು ಪಂದ್ಯ. ಗೆದ್ದರು! ಲೂಯಿವಿಲ್, ಸಿರಾಕ್ಯೂಸ್, ಡ್ಯೂಕ್, ವರ್ಜೀನಿಯಾ, ಕೊನೆಗೆ ಯುಎನ್‌ಸಿ. 1987ರ ನಂತರ ಆ ಕಪ್ ರಾಲಿಗೆ ಬಂದಿರಲೇ ಇಲ್ಲ.

ಅದು ಮಾರ್ಚ್ 16ರ ರಾತ್ರಿ. ಮರುದಿನ ಬೆಳಗ್ಗೆ ಹತ್ತಕ್ಕೆ ಇನ್ನೊಂದು ಫೈನಲ್. ದೆಹಲಿಯಲ್ಲಿ ಡಬ್ಲ್ಯುಪಿಎಲ್, ಅಂದರೆ ಹುಡುಗಿಯರ ಐಪಿಎಲ್. ಸ್ಮೃತಿ ಮಂಧಾನಳ ಆರ್‌ಸಿಬಿ ತಂಡ ಡೆಲ್ಲಿಯನ್ನು 113ಕ್ಕೆ ಉರುಳಿಸಿತು. ನಮ್ಮ ಶ್ರೇಯಾಂಕಾ ಪಾಟೀಲ್ ನಾಲ್ಕು ವಿಕೆಟ್ ತೆಗೆದಳು. ಎಂಟು ವಿಕೆಟ್‌ಗಳ ಗೆಲುವು. ದಾವಣಗೆರೆಯಿಂದ ಅಣ್ಣ ಫೋನ್ ಮಾಡಿ, "ಲೇ ತಮ್ಮ, ಕಪ್ ನಮ್ದಾತಲ್ಲೋ!" ಅಂತ ಕೂಗಿದ. ಇಪ್ಪತ್ನಾಲ್ಕು ತಾಸಿನೊಳಗೆ ಎರಡು ಕಪ್ ನೋಡಿದ ನನಗೆ ಉತ್ತರ ಕೊಡಲು ಗಂಟಲೇ ಇರಲಿಲ್ಲ.

ಆಮೇಲೆ ರಾಷ್ಟ್ರಮಟ್ಟದ ಟೂರ್ನಿ. ಅಲ್ಲಿ ನಮ್ಮವರಿಗೆ ಸಿಕ್ಕಿದ್ದು 11ನೇ ಸೀಡ್, ಅಂದರೆ ತಮ್ಮ ಗುಂಪಿನಲ್ಲಿ ಹನ್ನೊಂದನೇ ಶ್ರೇಯಾಂಕ. ಟೆಕ್ಸಾಸ್ ಟೆಕ್, ಓಕ್ಲೆಂಡ್, ಮಾರ್ಕೆಟ್ ಯೂನಿವರ್ಸಿಟಿ, ಮತ್ತೆ ಡ್ಯೂಕ್. ಎಲ್ಲರನ್ನೂ ಹೊಡೆದರು. ಮಾರ್ಚ್ 31ರಂದು ಡ್ಯೂಕ್ ವಿರುದ್ಧ 76-64. ಡಿಜೆ ಬರ್ನ್ಸ್ ಒಬ್ಬನೇ 29 ಪಾಯಿಂಟ್. ಈ ಬರ್ನ್ಸ್‌ನನ್ನು ನೋಡಬೇಕು ನೀವು. 6 ಅಡಿ 9 ಇಂಚು, 275 ಪೌಂಡ್, ಎಡಗೈ. ಎದುರಾಳಿಗೆ ಬೆನ್ನು ಕೊಟ್ಟು ಒಂದು, ಎರಡು, ಮೂರು ಸಲ ಮೆಲ್ಲಗೆ ಹಿಂದಕ್ಕೆ ಒತ್ತುತ್ತಾನೆ. ಅವಸರವೇ ಇಲ್ಲ. ಆಮೇಲೆ ಆ ದೇಹ ಒಮ್ಮೆಲೇ ಬುಗುರಿಯಂತೆ ತಿರುಗುತ್ತದೆ, ಬಾಲ್ ರಿಂಗ್‌ನೊಳಗೆ ಇರುತ್ತದೆ. ತಿರುಗಿದವನು ಮುಗುಳ್ನಗುತ್ತಿರುತ್ತಾನೆ. ಜೊತೆಗೆ ಫ್ರಾನ್ಸಿನ ಹುಡುಗ ಮೊಹಮದ್ ಡಿಯಾರಾ. ರಂಜಾನ್ ಉಪವಾಸ ಇಟ್ಟುಕೊಂಡೇ ಈ ಟೂರ್ನಿ ಆಡುತ್ತಿದ್ದ. ಒಂದು ತುತ್ತು ಕಡಿಮೆ ತಿಂದರೆ ಸಂಜೆಯ ವಾಕಿಂಗ್ ಬಿಡುವವನು ನಾನು. ಇರಲಿ.

ಇಲ್ಲಿಂದ ಶುರುವಾಯಿತು ನೋಡಿ 83ರ ಜಪ. ಆಫೀಸಿನಲ್ಲಿ, ದೇವಸ್ಥಾನದ ಊಟದ ಸಾಲಿನಲ್ಲಿ, ಎಲ್ಲ ಕಡೆ ಒಂದೇ ಪ್ರಶ್ನೆ. 1983 ಮತ್ತೆ ಆಗುತ್ತಾ?

ನಮ್ಮ ಪಕ್ಕದ ಮನೆಯವರಿಗೆ ಅರವತ್ತು ದಾಟಿದೆ. 83ರಲ್ಲಿ ಅವರು ಎನ್‌ಸಿ ಸ್ಟೇಟ್‌ನಲ್ಲಿ ಟೆಕ್ಸ್‌ಟೈಲ್ಸ್ ಓದುತ್ತಿದ್ದರು. ಅವರ ಗ್ಯಾರೇಜಿನಲ್ಲಿ ಒಂದು ಹಳೇ ಫ್ರಿಜ್ಜು, ಒಂದು ಟಿವಿ, ನಾಲ್ಕಾರು ಮಡಚುವ ಕುರ್ಚಿ. ಆ ಫ್ರಿಜ್ಜಿನ ಬಾಗಿಲಿಗೆ ಹಳದಿ ಹಾಳೆಯೊಂದನ್ನು ಅಂಟಿಸಿದ್ದರು. ಎಡಗಡೆ 1983, ಬಲಗಡೆ 2024. ಹೊಂದುವುದಕ್ಕೆಲ್ಲ ಕೆಂಪು ಪೆನ್ನಿನಲ್ಲಿ ಟಿಕ್. ಹೊಂದದ್ದನ್ನು ಬರೆದೇ ಇರಲಿಲ್ಲ, ಜಾಣರು. ಎರಡೂ ವರ್ಷ ಎಸಿಸಿ ಟೂರ್ನಿಗೆ ಮೊದಲು 17 ಗೆಲುವು, ಟಿಕ್. ಎರಡೂ ಸಲ ದಾರಿಯಲ್ಲಿ ಯುಎನ್‌ಸಿಯನ್ನೂ ವರ್ಜೀನಿಯಾವನ್ನೂ ಕೆಡವಿದ್ದು, ಟಿಕ್. 83ರ ಯುಎನ್‌ಸಿಯಲ್ಲಿ ಮೈಕೆಲ್ ಜೋರ್ಡನ್ ಇದ್ದ ಅನ್ನೋದನ್ನು ದಪ್ಪ ಅಕ್ಷರದಲ್ಲಿ ಬರೆದಿದ್ದರು.

ಅವರು ಬೆರಳಿಟ್ಟು ತೋರಿಸಿದ ಸಾಲು ಬೇರೆ. ಎದುರಾಳಿಯ ಫ್ರೀ ಥ್ರೋ, ಅಂದರೆ ಫೌಲ್ ಆದಾಗ ಯಾರೂ ತಡೆಯದೆ ಎಸೆಯಲು ಸಿಗುವ ಅವಕಾಶ. 83ರ ಫೈನಲ್‌ನಲ್ಲಿ ಎದುರಿಗಿದ್ದದ್ದು ಹ್ಯೂಸ್ಟನ್, ಒಲಾಜುವಾನ್ ಮತ್ತು ಕ್ಲೈಡ್ ಡ್ರೆಕ್ಸ್ಲರ್ ಇದ್ದ ತಂಡ. ಸಾಲಾಗಿ 26 ಪಂದ್ಯ ಗೆದ್ದು ಬಂದಿದ್ದರು. ನಮ್ಮ ಆಗಿನ ಕೋಚ್ ಜಿಮ್ ವಲ್ವಾನೋ ಕೊನೆಯಲ್ಲಿ ಬೇಕಂತಲೇ ಫೌಲ್ ಮಾಡಿಸಿದರು. ಮೊದಲ ಫ್ರೀ ಥ್ರೋ ತಪ್ಪಿದರೆ ಎರಡನೆಯದು ಸಿಗುವುದಿಲ್ಲ, ಬಾಲ್ ನಮ್ಮ ಕೈಗೆ ಬರಬಹುದು. 52-52 ಆಗಿದ್ದಾಗ ಹ್ಯೂಸ್ಟನ್ ಹುಡುಗ ತಪ್ಪಿಸಿದ. ಕೊನೆಯ ಕ್ಷಣದಲ್ಲಿ ನಮ್ಮ ವಿಟೆನ್‌ಬರ್ಗ್ ದೂರದಿಂದ ಎಸೆದ ಬಾಲ್ ರಿಂಗ್‌ವರೆಗೂ ಹೋಗಲಿಲ್ಲ. ಗಾಳಿಯಲ್ಲೇ ಹಿಡಿದು ಒಳಗೆ ತುರುಕಿದವನು ಲೊರೆಂಜೊ ಚಾರ್ಲ್ಸ್. 54-52. ಈ ಸಲ ವರ್ಜೀನಿಯಾ ಹುಡುಗನೂ ಹಾಗೇ ಫ್ರೀ ಥ್ರೋ ತಪ್ಪಿಸಿದ. ಐದು ಸೆಕೆಂಡ್ ಉಳಿದಿತ್ತು, ಮೂರು ಪಾಯಿಂಟ್ ಹಿಂದಿದ್ದೆವು. ಮೈಕೆಲ್ ಓಕಾನೆಲ್ ಓಡುತ್ತಲೇ ಎಸೆದ ಬಾಲ್ ರಿಂಗ್ ಮೇಲೆ ಆಡಿ ಆಡಿ ಒಳಗೆ ಬಿತ್ತು. ಪಂದ್ಯ ಓವರ್‌ಟೈಮ್‌ಗೆ ಹೋಗಿ ನಮ್ಮದಾಯಿತು. "ನೀನೇ ಹೇಳು, ಇದು ಕಾಕತಾಳೀಯವಾ?" ಅಂತ ಕೇಳಿದರು.

ನಾನು ಹೌದು ಅಂದೆ. 83ರ ತಂಡ ಅಷ್ಟೇನೂ ಬಡಪಾಯಿ ಆಗಿರಲಿಲ್ಲ. ಜನವರಿಯಲ್ಲಿ ವಿಟೆನ್‌ಬರ್ಗ್ ಕಾಲು ಮುರಿದುಕೊಂಡಿದ್ದಕ್ಕೆ ಸೋಲು ಜಾಸ್ತಿಯಾಗಿತ್ತು, ಅವನು ವಾಪಸ್ ಬಂದ ಮೇಲೆ ತಂಡ ಸರಿಹೋಯಿತು. ನಮ್ಮ 2024ರವರು ಎಲ್ಲರೂ ಆಡುತ್ತಿದ್ದಾಗಲೇ ಸೋಲುತ್ತಿದ್ದರು. ಅದಕ್ಕಿಂತ ದೊಡ್ಡದು ಲೆಕ್ಕ. 83ರಲ್ಲಿ ಎಸಿಸಿಯಲ್ಲಿ ಮೂರು, ರಾಷ್ಟ್ರಮಟ್ಟದಲ್ಲಿ ಆರು, ಒಟ್ಟು ಒಂಬತ್ತು ಗೆದ್ದಿದ್ದಕ್ಕೆ ಕಪ್ ಬಂತು. 2024ರವರೂ ಸಾಲಾಗಿ ಒಂಬತ್ತು ಗೆದ್ದಿದ್ದರು, ಐದು ಮತ್ತು ನಾಲ್ಕು. ಅವರದೂ 26 ಗೆಲುವು, ಇವರದೂ 26. ಅಷ್ಟೇ ಗೆದ್ದರೂ ಇವರು ನಿಂತಿದ್ದು ಸೆಮಿಫೈನಲ್ ಬಾಗಿಲಲ್ಲಿ. ಎಸಿಸಿಯಲ್ಲಿ ಆಗ ಎಂಟು ತಂಡ, 2024ರಲ್ಲಿ ಹದಿನೈದು. 83ರ ಸಾಧನೆ ಆಗಲೇ ಪೂರ್ತಿ ಆಗಿಹೋಗಿತ್ತು, ಕಪ್ ಮಾತ್ರ ಎರಡು ಪಂದ್ಯ ಮುಂದಕ್ಕೆ ಹೋಗಿತ್ತು.

ಅವರಿಗೆ ಈ ಮಾತು ಇಷ್ಟವಾಗಲಿಲ್ಲ. "ಇಂಜಿನಿಯರುಗಳ ಜೊತೆ ಮ್ಯಾಚ್ ನೋಡಬಾರದು" ಅಂದರು.

ಸೆಮಿಫೈನಲ್ ದಿನ ಬೆಳಗ್ಗೆ ಅವರನ್ನು ಕರೆದುಕೊಂಡು ರಾಲಿಯ ಓಕ್‌ವುಡ್ ಸ್ಮಶಾನಕ್ಕೆ ಹೋಗಿದ್ದೆ. ವಲ್ವಾನೋ ಸಮಾಧಿ ಇರುವುದು ಅಲ್ಲಿ. 83ರಲ್ಲಿ ಗೆದ್ದ ಕೂಡಲೇ ಯಾರನ್ನು ತಬ್ಬಿಕೊಳ್ಳಬೇಕು ಅಂತ ತಿಳಿಯದೆ ಅಂಗಳದ ತುಂಬ ಓಡಾಡಿದ ಮನುಷ್ಯ. ಹತ್ತು ವರ್ಷಕ್ಕೆ, 1993ರ ಏಪ್ರಿಲ್‌ನಲ್ಲಿ, ಕ್ಯಾನ್ಸರ್‌ಗೆ ತೀರಿಕೊಂಡರು. ಅದಕ್ಕೆ ಸ್ವಲ್ಪ ಮುಂಚೆ ವೇದಿಕೆ ಮೇಲೆ ನಿಂತು, ಯಾವತ್ತೂ ಕೈಚೆಲ್ಲಬೇಡಿ ಅಂತ ಮಾಡಿದ ಭಾಷಣ ಇಲ್ಲಿ ಮಕ್ಕಳಿಗೂ ಗೊತ್ತು. ಅವರ ಹೆಸರಿನ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಕಚೇರಿ ನಮ್ಮ ಕ್ಯಾರಿಯಲ್ಲೇ ಇದೆ. ದಿನಕ್ಕೊಮ್ಮೆ ನಗಿ, ಯೋಚಿಸಿ, ಅಳಿ ಅಂತ ಸಮಾಧಿಯ ಮೇಲೆ ಕೆತ್ತಿದ್ದಾರೆ. ಅವತ್ತು ಅಲ್ಲಿ ಕೆಂಪು ಟೋಪಿಗಳು, ಹೂವು, ಒಂದು ಪುಟ್ಟ ಬ್ಯಾಸ್ಕೆಟ್‌ಬಾಲ್ ಇದ್ದವು. ಯಾರೋ ಬರ್ನ್ಸ್‌ನ ಫೋಟೋ ಕೂಡ ಇಟ್ಟಿದ್ದರು, ದೇವರಿಗೆ ಜಾತಕ ತೋರಿಸುವ ಹಾಗೆ. ಪಕ್ಕದ ಮನೆಯವರು ಟೋಪಿ ತೆಗೆದು ನಿಂತರು. ಲೊರೆಂಜೊ ಚಾರ್ಲ್ಸ್ ವಿಷಯ ಹೇಳಿದ್ದೂ ಆಗಲೇ. 83ರಲ್ಲಿ ಆ ಕೊನೆಯ ಬಾಲ್ ಒಳಗೆ ತುರುಕಿದವನು ಮುಂದೆ ಬಸ್ ಓಡಿಸುತ್ತಿದ್ದ, 2011ರಲ್ಲಿ ಇದೇ ರಾಲಿಯ ಹೈವೇಯಲ್ಲಿ ಅಪಘಾತದಲ್ಲಿ ಹೋದ. ಕಾರಿನಲ್ಲಿ ವಾಪಸ್ ಬರುವಾಗ ಅವರು ಹಾಳೆಯ ಮಾತೇ ಎತ್ತಲಿಲ್ಲ.

ಸಂಜೆ ಗ್ಯಾರೇಜಿಗೆ ಹೋದಾಗ ನನ್ನ ಹೆಂಡತಿಯ ಕೈಯಲ್ಲಿ ಮಂಡಕ್ಕಿ, ಮಿರ್ಚಿ. ಡ್ಯೂಕ್ ಪಂದ್ಯದ ದಿನ ಇದನ್ನೇ ತಿಂದಿದ್ದೆವು. ಹಾಗಾಗಿ ಇವತ್ತೂ ಅದೇ ಆಗಬೇಕು ಅಂತ ಪಕ್ಕದ ಮನೆಯಿಂದ ಅಪ್ಪಣೆ ಬಂದಿತ್ತು. ಕುರ್ಚಿಯೂ ಅವತ್ತಿನದೇ. "ಯುಗಾದಿ ಇನ್ನು ಮೂರು ದಿನ ಇದೆ, ಮನೆ ಕ್ಲೀನ್ ಮಾಡೋದು ಬಿಟ್ಟು ಮಿರ್ಚಿ ಕರೀತಾ ಕೂತಿದೀನಿ ನೋಡ್ರಿ" ಅಂತ ಗೊಣಗಿದಳು. ಅವಳ ಬೇಸರಕ್ಕೆ ಬೇರೆ ಕಾರಣವಿತ್ತು. ಎನ್‌ಸಿ ಸ್ಟೇಟ್ ಹುಡುಗಿಯರ ತಂಡವೂ ಆ ವರ್ಷ ಫೈನಲ್ ಫೋರ್ ತಲುಪಿತ್ತು. ಹಿಂದಿನ ರಾತ್ರಿಯಷ್ಟೇ ಸೌತ್ ಕ್ಯಾರೊಲಿನಾಗೆ ಸೋತಿತ್ತು. ಅದಕ್ಕೂ ಮುಂಚೆ ಪೋರ್ಟ್‌ಲೆಂಡ್‌ನಲ್ಲಿ ಟೆಕ್ಸಾಸ್ ವಿರುದ್ಧ ಆಡುವಾಗ ಅಂಗಳದ ಎರಡು ತುದಿಗಳಲ್ಲಿ ಮೂರು ಪಾಯಿಂಟ್ ಗೆರೆಯ ಅಳತೆಯೇ ಬೇರೆ ಬೇರೆ ಇತ್ತು. ಗೊತ್ತಾದ ಮೇಲೂ ಹಾಗೇ ಆಡಿದರು, ಗೆದ್ದರು. "ಗೆರೆ ತಪ್ಪಿದ್ರೂ ಗೆದ್ದವರ ಬಗ್ಗೆ ಒಬ್ಬರೂ ಮಾತಾಡಲ್ಲ, ಎಲ್ಲರಿಗೂ 83 ಬೇಕು" ಅನ್ನುವುದು ಅವಳ ತಕರಾರು. ತಕರಾರಿನಲ್ಲಿ ಹುರುಳಿತ್ತು.

ಪಂದ್ಯದ ಬಗ್ಗೆ ಜಾಸ್ತಿ ಹೇಳುವುದೇನಿಲ್ಲ. ಪರ್ಡ್ಯೂದಲ್ಲಿ ಝಾಕ್ ಈಡಿ ಅಂತ ಒಬ್ಬ, 7 ಅಡಿ 4 ಇಂಚು. ಬರ್ನ್ಸ್ ಎಂದಿನಂತೆ ಬೆನ್ನು ಕೊಟ್ಟು ಒತ್ತಿದ, ಈಡಿ ಅಲ್ಲಾಡಲಿಲ್ಲ. ತಿರುಗಿದರೆ ಮುಖದೆದುರು ಕೈ. ಬರ್ನ್ಸ್‌ಗೆ ಸಿಕ್ಕಿದ್ದು 8 ಪಾಯಿಂಟ್. ಓಕಾನೆಲ್ ಮೊದಲಾರ್ಧದಲ್ಲೇ ತೊಡೆ ಹಿಡಿದುಕೊಂಡು ಕುಂಟುತ್ತಾ ಹೊರನಡೆದ. ರಾಲಿಯವನೇ ಆದ ಡಿಜೆ ಹಾರ್ನ್ ಒಬ್ಬನೇ 20 ಹೊಡೆದ. 63-50. ಕೊನೆಯ ಎರಡು ನಿಮಿಷ ಪಕ್ಕದ ಮನೆಯವರು ಕುರ್ಚಿ ಬದಲಾಯಿಸಿ ನೋಡಿದರು, ನಿಂತು ನೋಡಿದರು, ಗ್ಯಾರೇಜಿನ ಹೊರಗೆ ಹೋಗಿಯೂ ನೋಡಿದರು. ಏನೂ ಆಗಲಿಲ್ಲ. ಮಿರ್ಚಿ ಮಾತ್ರ ಖಾಲಿಯಾಗಿತ್ತು.

11ನೇ ಸೀಡ್ ತಂಡಗಳು ಸೆಮಿಫೈನಲ್‌ವರೆಗೆ ಬಂದದ್ದುಂಟು, ಎಲ್‌ಎಸ್‌ಯು, ಜಾರ್ಜ್ ಮೇಸನ್, ವಿಸಿಯು, ಲೊಯೋಲಾ ಶಿಕಾಗೊ, ಯುಸಿಎಲ್‌ಎ. ಒಬ್ಬರೂ ಅದನ್ನು ದಾಟಿರಲಿಲ್ಲ, ನಮ್ಮವರೂ ದಾಟಲಿಲ್ಲ. ಮುಂದಿನ ವರ್ಷ ಅದೇ ಓಟ ಮತ್ತೆ ಬರುತ್ತೆ ಅಂತ ಕಾದವರಿಗೆ ಸಿಕ್ಕಿದ್ದು 12 ಗೆಲುವು, 19 ಸೋಲು. ಬರ್ನ್ಸ್, ಹಾರ್ನ್, ಡಿಯಾರಾ ಎಲ್ಲ ಹೊರಟುಹೋಗಿದ್ದರು. ಹದಿನೆಂಟು ತಂಡಗಳಲ್ಲಿ ಹದಿನೈದಕ್ಕೆ ಎಸಿಸಿ ಟೂರ್ನಿಯಲ್ಲಿ ಜಾಗವಿತ್ತು, ಆ ಹದಿನೈದರಲ್ಲೂ ನಾವಿರಲಿಲ್ಲ. 2025ರ ಮಾರ್ಚ್‌ನಲ್ಲಿ ಕೀಟ್ಸ್ ಅವರನ್ನು ತೆಗೆದುಹಾಕಿದರು. ಅದರ ಹಿಂದಿನ ವರ್ಷದ ಮಾರ್ಚ್‌ನಲ್ಲಿ ಅವರ ಪ್ರತಿಮೆ ನಿಲ್ಲಿಸಬೇಕು ಅಂದಿದ್ದ ನನ್ನ ಸಹೋದ್ಯೋಗಿಯೇ, ಒಳ್ಳೇದಾಯ್ತು ಬಿಡಿ ಅಂದ. ನನಗೆ ಇದು ಸರಿ ಕಾಣಲಿಲ್ಲ, ಆದರೆ ಕಾಫಿ ಮಷಿನ್ ಮುಂದೆ ಜಗಳ ಯಾರು ಮಾಡ್ತಾರೆ.

ಈಗ ನಾವು ರೆನಾಲ್ಡ್ಸ್ ಕೊಲಿಸಿಯಂಗೆ ಹುಡುಗಿಯರ ಪಂದ್ಯ ನೋಡಲು ಹೋಗುತ್ತೇವೆ. ನನ್ನ ಹೆಂಡತಿಯ ವಾದ ಸರಳ. ಆರ್‌ಸಿಬಿಗೆ ಮೊದಲ ಕಪ್ ತಂದಿದ್ದು ಹುಡುಗಿಯರು, ರಾಲಿಗೂ ಮುಂದಿನದು ಅವರೇ ತರುತ್ತಾರೆ. ಪಕ್ಕದ ಮನೆಯವರೂ ಜೊತೆಗೆ ಬರುತ್ತಾರೆ. ಅವರಿಗೆ ಟಿಕೆಟ್ ತೆಗೆಯುವಾಗ ಅವಳು ಹಾಕಿದ ಷರತ್ತು ಒಂದೇ, ಹಳದಿ ಹಾಳೆ ತರಬಾರದು.