‘ಏನು ಮಾರಾಯ್ರೆ, ಎಲೆಕ್ಷನ್‌ಗೆ ನಿಲ್ತೀರಾ?’

ಕೊಪ್ಪದ ಸಂತೆಯಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ, ಸೊಸೈಟಿ ಮುಂದೆ ಗೊಬ್ಬರಕ್ಕೆ ಕಾದು ನಿಂತಾಗ, ಎಲ್ಲ ಕಡೆ ನನಗೆ ಒಂದೇ ಪ್ರಶ್ನೆ. "ಏನು ಮಾರಾಯ್ರೆ, ಈ ಸಲ ಎಲೆಕ್ಷನ್‌ಗೆ ನಿಲ್ತೀರಾ ಹೇಗೆ?"

ಕೇಳುವವರ ತಪ್ಪಿಲ್ಲ. ಗ್ರಾಮಸಭೆಯಲ್ಲಿ ಎದ್ದು ಲೆಕ್ಕ ಕೇಳುತ್ತೇನೆ. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕುತ್ತೇನೆ. ಮತದಾರರ ಪಟ್ಟಿ ಹಿಡಿದುಕೊಂಡು ಮನೆಮನೆ ತಿರುಗುತ್ತೇನೆ. ಇದನ್ನೆಲ್ಲ ಸುಮ್ನೆ ಯಾರು ಮಾಡ್ತಾರೆ, ಅಲ್ವಾ? ನಿಲ್ಲಲ್ಲ ಅಂದರೆ ಮುಂದಿನ ಪ್ರಶ್ನೆ ರೆಡಿ ಇರುತ್ತದೆ: "ಹಾಗಾದ್ರೆ ನಿಮ್ಮನ್ನ ಛೂ ಬಿಟ್ಟಿರೋದು ಯಾವ ಪಕ್ಷದವ್ರು?" ಈ ಪಕ್ಷದವರಿಗೆ ನಾನು ಆ ಪಕ್ಷ, ಆ ಪಕ್ಷದವರಿಗೆ ಈ ಪಕ್ಷ. ಹಾಗೇ ನಡೆದುಕೊಂಡು ಬಂದಿದೆ.

ನನ್ನ ಉತ್ತರ: ನಿಲ್ಲಲ್ಲ. ಆ ಧೈರ್ಯವೂ ಇಲ್ಲ, ದುಡ್ಡೂ ಇಲ್ಲ. ಆದರೆ ಇಷ್ಟು ಹೇಳಿದರೆ ಯಾರೂ ನಂಬುವುದಿಲ್ಲ. ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ಅಡಿಕೆ ಮಂಡಿಗೆ ಹೋದಾಗ ನಾವೆಲ್ಲ ಏನು ಮಾಡುತ್ತೇವೆ? ಚೀಲ ಕಾಟಾ ಮೇಲೆ ಕೂತ ಕೂಡಲೇ ಮಾತು ನಿಲ್ಲಿಸುತ್ತೇವೆ. ಕಣ್ಣು ಅಂಕಿ ಮೇಲೆ. ಖಾಲಿ ಚೀಲದ ಬಾಬ್ತು ಎಷ್ಟು ಕಳೆದರು ಅಂತ ಬಾಯಲ್ಲೇ ಲೆಕ್ಕ ಹಾಕುತ್ತೇವೆ. ಮಂಡಿಯವರು ಅಜ್ಜನ ಕಾಲದಿಂದ ಪರಿಚಯ ಇದ್ದರೂ ನೋಡುತ್ತೇವೆ, ಅವರೂ ಬೇಜಾರು ಮಾಡಿಕೊಳ್ಳುವುದಿಲ್ಲ. ತೂಕ ನೋಡಿದ ಅಂತ ಯಾರಿಗಾದರೂ "ನೀನೇನು ಮಂಡಿ ಇಡ್ತೀಯಾ?" ಅಂತ ಕೇಳಿದ್ದನ್ನು ನಾನಂತೂ ಕಂಡಿಲ್ಲ.

ನಾನು ಈ ಕೆಲಸಕ್ಕೆ ಬಿದ್ದದ್ದು ಒಂದು ಚರಂಡಿಯಿಂದ.

ಕೆಲವು ವರ್ಷಗಳ ಹಿಂದೆ ನಮ್ಮ ಮನೆ ಕಡೆ ಬರುವ ರಸ್ತೆ ಪಕ್ಕ ಚರಂಡಿ ಕೆಲಸ ಶುರುವಾಯಿತು. ಮಲೆನಾಡಿನಲ್ಲಿ ಚರಂಡಿ ಸಣ್ಣ ವಿಷಯ ಅಲ್ಲ. ಜುಲೈ ಮಳೆಯಲ್ಲಿ ನೀರಿಗೆ ದಾರಿ ಸಿಗದಿದ್ದರೆ ಅದು ಸೀದಾ ಅಂಗಳಕ್ಕೆ, ಅಂಗಳದಿಂದ ತೋಟಕ್ಕೆ. ಕೆಲಸ ಅರ್ಧಕ್ಕೆ ನಿಂತಿತು. ವಿಚಾರಿಸಿದರೆ "ಮುಗಿದಿದೆಯಲ್ಲ, ಬಿಲ್ಲೂ ಆಗಿದೆ" ಅಂದರು.

ಸಿಟ್ಟಿನಲ್ಲಿ ಮಾಹಿತಿ ಹಕ್ಕಿನಡಿ ನಾಲ್ಕು ಪುಟದ ಅರ್ಜಿ ಬರೆದೆ. ಹನ್ನೊಂದು ಪ್ರಶ್ನೆ. ಯಾಕೆ ನಿಲ್ಲಿಸಿದಿರಿ, ಇದಕ್ಕೆ ಯಾರು ಹೊಣೆ, ನಾವು ಮನುಷ್ಯರಲ್ಲವೇ, ಹೀಗೆ. ಅದು ಹೋದಷ್ಟೇ ಬೇಗ ವಾಪಸ್ ಬಂತು. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಅದೂ 150 ಪದದೊಳಗೆ. ಪರಿಚಯದ ಒಬ್ಬ ನಿವೃತ್ತ ಮೇಷ್ಟ್ರು ಓದಿ ನಕ್ಕರು. "ಕಾರಣ ಕೇಳ್ಬೇಡ ಮಾರಾಯ, ಕಾಗದ ಕೇಳು" ಅಂದರು. ಕಡತದಲ್ಲಿ ಇರುವುದನ್ನು ಕೊಡಲೇಬೇಕು. ನಾವು ಮನುಷ್ಯರೋ ಅಲ್ಲವೋ ಅನ್ನುವುದು ಕಡತದಲ್ಲಿ ಇರುವುದಿಲ್ಲ.

ಎರಡನೇ ಸಲ ಮೂರೇ ಸಾಲು. ಆ ಕಾಮಗಾರಿಯ ಅಂದಾಜು ಪಟ್ಟಿ, ಎಂ.ಬಿ. ಪುಟಗಳು, ಬಿಲ್ಲು, ಇವುಗಳ ದೃಢೀಕೃತ ನಕಲು ಕೊಡಿ ಅಂತ. ಎಂ.ಬಿ. ಅಂದರೆ ಎಂಜಿನಿಯರ್ ಅಳತೆ ಬರೆಯುವ ಪುಸ್ತಕ. ಜೊತೆಗೆ 10 ರೂಪಾಯಿಯ ಪೋಸ್ಟಲ್ ಆರ್ಡರ್. 30 ದಿನದಲ್ಲಿ ಉತ್ತರ ಬರಬೇಕು, ಬರಲಿಲ್ಲ. ಮೇಲ್ಮನವಿ ಹಾಕಿದ ಮೇಲೆ 14 ಪುಟ ಸಿಕ್ಕಿತು. ಪುಟಕ್ಕೆ 2 ರೂಪಾಯಿಯಂತೆ 28 ರೂಪಾಯಿ ಕಟ್ಟಿದೆ. ಅವಧಿ ಮೀರಿದರೆ ನಕಲು ಪುಕ್ಕಟೆ ಕೊಡಬೇಕು ಅಂತ ಅದೇ ಕಾನೂನಿನಲ್ಲಿ ಇದೆ. ಅದು ಗೊತ್ತಾಗುವಷ್ಟರಲ್ಲಿ 28 ರೂಪಾಯಿ ಹೋಗಿತ್ತು. ಆ ದುಡ್ಡಿನ ಬೇಜಾರು ನನಗೆ ಇನ್ನೂ ಇದೆ!

ಎಂ.ಬಿ.ಯಲ್ಲಿ ಚರಂಡಿ ಉದ್ದ 120 ಮೀಟರ್.

ಮನೆಯಲ್ಲಿ ಉದ್ದದ ಟೇಪ್ ಇರಲಿಲ್ಲ. ಅಡಿಕೆ ಗೊನೆ ಇಳಿಸುವ ಹಗ್ಗ ತೆಗೆದೆ. ಹೆಂಡತಿಯ ಹೊಲಿಗೆ ಟೇಪಿನಲ್ಲಿ ಅಳೆದು ಮೀಟರಿಗೊಂದು ಗಂಟು ಹಾಕಿದೆ, ಒಟ್ಟು 20 ಗಂಟು. ಪಕ್ಕದ ಮನೆ ಹುಡುಗ ಒಂದು ತುದಿ ಹಿಡಿದ, ನಾನು ಇನ್ನೊಂದು. ಮಳೆ ಹನಿಯುತ್ತಿತ್ತು. ಅವನಿಗೆ ಉಂಬಳ, ಅಂದರೆ ಜಿಗಣೆ, ಹತ್ತಿ, ಹಗ್ಗ ಬಿಟ್ಟು ಕಾಲು ಕೆರೆದುಕೊಳ್ಳುತ್ತಿದ್ದ, ನಾನು ಬೈದು ಮತ್ತೆ ಹಿಡಿಸುತ್ತಿದ್ದೆ. ಮೂರು ಸಲ ಪೂರ್ತಿ ಹಗ್ಗ ಎಳೆದೆವು. ನಾಲ್ಕನೇ ಸಲ ಹನ್ನೊಂದನೇ ಗಂಟಿಗೆ ಚರಂಡಿ ಮುಗಿದು ಕೆಸವಿನ ಎಲೆ ಶುರುವಾಯಿತು. 71 ಮೀಟರ್.

ಗ್ರಾಮಸಭೆಯಲ್ಲಿ ಕೂಗಾಡಲಿಲ್ಲ. ಪುಸ್ತಕದಲ್ಲಿ ಇಷ್ಟಿದೆ, ನೆಲದ ಮೇಲೆ ಇಷ್ಟಿದೆ ಅಂತ ಓದಿ, ಹಗ್ಗ ಮೇಜಿನ ಮೇಲೆ ಇಟ್ಟು ಕೂತೆ. ಯಾರೂ ಜೈಲಿಗೆ ಹೋಗಲಿಲ್ಲ. ಬೇಸಿಗೆಯಲ್ಲಿ ಉಳಿದ ಚರಂಡಿ ಆಯಿತು, ಅಷ್ಟೆ. ಕಂಟ್ರಾಕ್ಟರು ಆರು ತಿಂಗಳು ಮಾತು ಬಿಟ್ಟಿದ್ದರು. ಈಗ ಸಿಕ್ಕರೆ ಅವರೇ ಕಾಫಿ ಕೊಡಿಸುತ್ತಾರೆ.

ಗ್ರಾಮಸಭೆ ಆರು ತಿಂಗಳಿಗೆ ಒಮ್ಮೆಯಾದರೂ ಆಗಬೇಕು. ಅದಲ್ಲದೆ ವರ್ಷಕ್ಕೊಮ್ಮೆ ಜಮಾಬಂದಿ ಇದೆ, ಹಿಂದಿನ ವರ್ಷ ಬಂದ ದುಡ್ಡು, ಆದ ಕೆಲಸ ಎಲ್ಲವನ್ನೂ ಜನರ ಮುಂದೆ ಇಡುವ ದಿನ. ಮನೆ ಹಂಚುವ ಸಭೆ ಇದ್ದರೆ ನಮ್ಮಲ್ಲಿ ಕುರ್ಚಿ ಸಾಲುವುದಿಲ್ಲ. ಜಮಾಬಂದಿಗೆ ಮಾತ್ರ ಕುರ್ಚಿಗಳದೇ ಸಭೆ.

ಇನ್ನು ಮತದಾರರ ಪಟ್ಟಿಯ ವಿಷಯ. 2023ರ ವಿಧಾನಸಭೆ ಚುನಾವಣೆಯಲ್ಲಿ ನಮ್ಮ ಶೃಂಗೇರಿ ಕ್ಷೇತ್ರದಲ್ಲಿ ಘೋಷಣೆಯಾದ ಅಂತರ 201 ಮತ. ಒಂದು ಮದುವೆ ಊಟದ ಎರಡು ಪಂಕ್ತಿ. ಅಲ್ಲಿಗೆ "ನನ್ನ ಒಂದು ವೋಟಿಂದ ಏನಾಗುತ್ತೆ" ಅನ್ನುವ ಮಾತು ನಮ್ಮ ಕಡೆ ಸ್ವಲ್ಪ ಕಡಿಮೆಯಾಯಿತು. ಪಟ್ಟಿ ನೋಡುವ ಚಟ ಮಾತ್ರ ಇನ್ನೂ ಬಂದಿಲ್ಲ. ನಮ್ಮ ಚಿಕ್ಕಮಗಳೂರು ಜಿಲ್ಲೆಯ ಹಿರಿಯರಿಗೆ 1978ರ ಲೋಕಸಭೆ ಉಪಚುನಾವಣೆ ನಿನ್ನೆ ಮೊನ್ನೆ ನಡೆದ ಹಾಗೆ. ಆಗ ಇಲ್ಲಿ ನಿಂತಿದ್ದ ಇಂದಿರಾ ಗಾಂಧಿ ಯಾವ ದಾರಿಯಲ್ಲಿ ಬಂದರು, ಯಾರ ಕೈಗೆ ಕೈ ಕೊಟ್ಟರು, ಎಲ್ಲ ಹೇಳುತ್ತಾರೆ. ನಿಮ್ಮ ಹೆಸರು ಯಾವ ಬೂತಿನ ಪಟ್ಟಿಯಲ್ಲಿದೆ ಅಂತ ಕೇಳಿದರೆ ಹೆಂಡತಿಯ ಮುಖ ನೋಡುತ್ತಾರೆ.

ಆ 201 ನನ್ನ ತಲೆಗೂ ಹತ್ತಿತು. ಪಟ್ಟಿ ಚೊಕ್ಕ ಮಾಡಿಬಿಡುತ್ತೇನೆ ಅಂತ ಹೊರಟೆ. ಹೊಸ ಹೆಸರು ಸೇರಿಸಲು ಫಾರಂ 6, ತಿದ್ದಲು ಮತ್ತು ಮನೆ ಬದಲಾದರೆ ಫಾರಂ 8, ಹೆಸರು ತೆಗೆಸಲು ಫಾರಂ 7. ಈ ಏಳರಲ್ಲಿ ನಾನು ಎಡವಿದೆ.

ಹತ್ತಿರದ ಎಸ್ಟೇಟಿನ ಕೂಲಿ ಲೈನಿನಲ್ಲಿ, ಅಂದರೆ ಕೂಲಿಯವರ ಸಾಲುಮನೆಗಳಲ್ಲಿ, ಒಂದು ಮನೆಗೆ ಮೂರು ಸಲ ಹೋದೆ, ಮೂರು ಸಲವೂ ಬೀಗ. ಪಕ್ಕದವರು "ಮಗಳ ಮನೆಗೆ ಹೋದ್ರು" ಅಂದರು. ಎಲ್ಲೋ ಹೋಗಿ ನೆಲೆಸಿದ್ದಾರೆ ಅಂತ ನಾನೇ ತೀರ್ಮಾನ ಮಾಡಿದೆ. ಫಾರಂ 7 ತುಂಬಿ, ಸಹಿ ಹಾಕಿ ಕೊಟ್ಟೆ.

ಆ ಮನೆಯ ಹೆಂಗಸು ಹೋಗಿದ್ದು ಮಗಳ ಬಾಣಂತನಕ್ಕೆ. ವಾಪಸ್ ಬಂದಾಗ ನೋಟಿಸ್ ಕಾದಿತ್ತು. ಓದಲು ಬರುವುದಿಲ್ಲ, ಎಸ್ಟೇಟಿನ ರೈಟರ್ ಹತ್ತಿರ ಓದಿಸಿಕೊಂಡರು. ಅರ್ಜಿ ಕೊಟ್ಟವರ ಹೆಸರು ಅಲ್ಲೇ ಇತ್ತಲ್ಲ. ಕೂಲಿ ಬಿಟ್ಟು ವಿಚಾರಣೆಗೆ ಹೋಗಿ, ಬರುವಾಗ ನಮ್ಮ ಮನೆಗೆ ಬಂದರು. ಜಗಲಿ ಹತ್ತಲಿಲ್ಲ. ಅಂಗಳದಲ್ಲೇ ನಿಂತು, "ಅಣ್ಣಾ, ನಾನು ನಿಮ್ಗೇನ್ ಮಾಡಿದ್ದೆ?" ಅಂದರು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಬಿಎಲ್‌ಒ, ಅಂದರೆ ಬೂತ್ ಮಟ್ಟದ ಅಧಿಕಾರಿ, ಮನೆಗೆ ಹೋಗಿ ನೋಡಿದ್ದರಿಂದ ಹೆಸರು ಉಳಿಯಿತು. ಆಕೆಯ ಒಂದು ದಿನದ ಕೂಲಿ ಹೋಯಿತು. ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ.

ಕಲಬುರಗಿ ಜಿಲ್ಲೆಯ ಆಳಂದದ ಸುದ್ದಿ ನೀವೂ ಓದಿರುತ್ತೀರಿ. 2023ರ ಚುನಾವಣೆಗೆ ಮುಂಚೆ ಹೆಸರು ತೆಗೆಯಿರಿ ಅಂತ 6,018 ಅರ್ಜಿಗಳು ಆನ್‌ಲೈನಿನಲ್ಲಿ ಬಂದಿದ್ದವು. ಪರಿಶೀಲಿಸಿದಾಗ ಸರಿ ಇದ್ದದ್ದು 24. ಅದರ ಹಿಂದೆ ಯಾರಿದ್ದರು ಅನ್ನುವುದು ತನಿಖೆಯ ಮಾತು. ಆ ಸಂಖ್ಯೆ ಓದಿದಾಗ ನನ್ನ ಕಣ್ಣಿಗೆ ಬಂದದ್ದು ಮಾತ್ರ ನಮ್ಮ ಅಂಗಳದಲ್ಲಿ ನಿಂತ ಆ ಹೆಂಗಸು.

ಈಗ ನಾನು ಫಾರಂ 7 ಮುಟ್ಟುವುದು ತೀರಿಕೊಂಡವರ ಮನೆಯವರೇ ಬಂದು ಕೇಳಿದರೆ ಮಾತ್ರ. ಜಾಸ್ತಿ ಕೆಲಸ ಆರು ಮತ್ತು ಎಂಟರದ್ದೇ. ಮೊದಲೆಲ್ಲ ಜನವರಿ 1ಕ್ಕೆ 18 ತುಂಬಿರಬೇಕಿತ್ತು, ಇಲ್ಲದಿದ್ದರೆ ಮುಂದಿನ ವರ್ಷ. 2022ರಿಂದ ಏಪ್ರಿಲ್, ಜುಲೈ, ಅಕ್ಟೋಬರ್ 1ನೇ ತಾರೀಕುಗಳೂ ಲೆಕ್ಕಕ್ಕೆ ಬರುತ್ತವೆ. ಲೈನಿನ ಹುಡುಗ ಹುಡುಗಿಯರಿಗೆ ಇದು ಗೊತ್ತೇ ಇರಲಿಲ್ಲ. ಗೊತ್ತಾದ ಮೇಲೆ ಆಧಾರ್ ಕಾರ್ಡು ಹಿಡಿದುಕೊಂಡು ಅವರೇ ಬರುತ್ತಾರೆ.

ಅಭ್ಯರ್ಥಿಗಳ ಪ್ರಮಾಣಪತ್ರ ಓದುವುದು ನನ್ನ ಇನ್ನೊಂದು ಚಾಳಿ. ಆಸ್ತಿ, ಸಾಲ, ಓದು, ಮೈಮೇಲಿನ ಕೇಸು, ಎಲ್ಲವನ್ನೂ ನಾಮಪತ್ರದ ಜೊತೆ ಬರೆದುಕೊಡಬೇಕು. 2002ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಶುರುವಾದ ಪದ್ಧತಿ ಇದು. ಯಾರು ಬೇಕಾದರೂ ನೋಡಬಹುದು. "ಓದಿ ಏನು ಮಾಡ್ತೀರಿ, ಅವೆಲ್ಲ ಬರೀ ಕಾಗದ" ಅನ್ನುವವರಿಗೆ ನಾನು ಪಕ್ಕದ ಹಾಸನ ತೋರಿಸುತ್ತೇನೆ. 2019ರ ಲೋಕಸಭೆ ಚುನಾವಣೆಯ ಅಲ್ಲಿನ ಗೆಲುವನ್ನು ಹೈಕೋರ್ಟ್ 2023ರ ಸೆಪ್ಟೆಂಬರ್ 1ರಂದು ಅಸಿಂಧು ಅಂದಿತು. ಪ್ರಮಾಣಪತ್ರದಲ್ಲಿ ಆಸ್ತಿ ವಿವರ ಪೂರ್ತಿ ತೋರಿಸಿಲ್ಲ ಅನ್ನುವುದು ಕಾರಣ. ಆಮೇಲೆ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು, ಅದೂ ನಿಜ. ಆದರೆ ಹೈಕೋರ್ಟಿಗೆ ಚುನಾವಣಾ ಅರ್ಜಿ ಹಾಕಲು ಸೋತ ಅಭ್ಯರ್ಥಿಯೇ ಆಗಬೇಕಿಲ್ಲ. ಫಲಿತಾಂಶ ಬಂದ 45 ದಿನದೊಳಗೆ ಆ ಕ್ಷೇತ್ರದ ಯಾವ ಮತದಾರನಾದರೂ ಹಾಕಬಹುದು. ಇದನ್ನು ಹೇಳಿದಾಗೆಲ್ಲ ಎದುರಿಗಿದ್ದವರು "ಹೌದಾ?" ಅಂತಾರೆ.

ಆಗದ ಕೆಲಸಗಳ ಪಟ್ಟಿ ಇದಕ್ಕಿಂತ ಉದ್ದ. ಜಿಲ್ಲಾ ಪಂಚಾಯಿತಿ, ತಾಲೂಕು ಪಂಚಾಯಿತಿಗಳ ಅವಧಿ 2021ರಲ್ಲೇ ಮುಗಿಯಿತು. ಚುನಾವಣೆ ಸಮಯಕ್ಕೆ ಆಗಲಿಲ್ಲ. ಎಷ್ಟು ಮನವಿ ಕೊಟ್ಟೆವೋ, ಎಷ್ಟು ಸಹಿ ಮಾಡಿದೆವೋ. ಸ್ವೀಕೃತಿ ಚೀಟಿಗಳು ಮಾತ್ರ ನನ್ನ ಟ್ರಂಕಿನಲ್ಲಿ ಭದ್ರವಾಗಿವೆ. ಹೆಂಡತಿ ಅವನ್ನು ಬಚ್ಚಲ ಒಲೆಗೆ ಕೇಳುತ್ತಿರುತ್ತಾಳೆ.

ಮತದಾರರ ಪಟ್ಟಿಯ ಕರಡು ಬಂದಾಗ ಈಗ ಲೈನಿಗೆ ಹೋಗಿ ಹೆಸರು ಗಟ್ಟಿಯಾಗಿ ಓದುತ್ತೇನೆ. ಕೂಲಿ ಬಟವಾಡೆ ದಿನ ಸಂಜೆ ಹೋದರೆ ಎಲ್ಲರೂ ಸಿಗುತ್ತಾರೆ. ಕಳೆದ ಸಲ ಓದುವಾಗ ಕರೆಂಟ್ ಹೋಯಿತು, ಯಾರೋ ಮೊಬೈಲಿನ ಬೆಳಕು ಹಿಡಿದರು. ಬಾಣಂತನಕ್ಕೆ ಹೋಗಿದ್ದ ಆ ಹೆಂಗಸು ಹಿಂದೆ ಗೋಡೆಗೆ ಒರಗಿ ಕೂತಿದ್ದರು. ಅವರ ಹೆಸರು ಬಂದಾಗ ನನ್ನ ದನಿ ಸ್ವಲ್ಪ ತಗ್ಗಿತು.

"ಇದೀನಿ ಅಣ್ಣಾ, ಗಟ್ಟಿಯಾಗೇ ಓದಿ" ಅಂದರು. ಎಲ್ಲರೂ ನಕ್ಕರು. ಇನ್ನೊಮ್ಮೆ ಓದಿ ಮುಂದಿನ ಹೆಸರಿಗೆ ಹೋದೆ.